ಹಸುಗೂಸಿನ ಬಾಯಿಗೆ ನಿಪ್ಪಲ್: ಕೊಡುವುದಾದರೆ ಯಾವಾಗ, ಹೇಗೆ?

ಎದೆಹಾಲು ಕುಡಿಯುವ ಹಸುಗೂಸಿಗೆ ಚೀಪುವ ನಿಪ್ಪಲ್ ಕೊಡುವುದಾದರೆ, ಹಾಲೂಡಿಕೆ ಹದಕ್ಕೆ ಬಂದ ಮೇಲೆ ಕೊಡಬೇಕು. ಹೆಚ್ಚಿನ ತಾಯಿ ಮಕ್ಕಳಲ್ಲಿ ಇದಕ್ಕೆ 3ರಿಂದ 4 ವಾರ ಹಿಡಿಯುತ್ತದೆ. ಕೆಲವರಲ್ಲಿ 6 ವಾರವೂ ಆಗುವುದುಂಟು. ಅದಕ್ಕೂ ಮೊದಲು ಕೊಟ್ಟರೆ ಮಗುವಿನ ಹಸಿವು ಕಣ್ಣಿಗೆ ಬೀಳದೆ ಹೋಗುತ್ತದೆ, ತಾಯಿಯ ಹಾಲು ಹೆಚ್ಚಬೇಕಾದ ಹೊತ್ತಿನಲ್ಲಿ ಹೆಚ್ಚುವುದಿಲ್ಲ. ಕೊಡಲೇಬೇಕೆಂಬ ನಿಯಮವಂತೂ ಇಲ್ಲ. ನಿಪ್ಪಲ್ಲಿನ ಮುಖ ನೋಡದೆ ಚೆನ್ನಾಗಿ ಬೆಳೆಯುವ ಮಕ್ಕಳಿಗೆ ಅದನ್ನು ರೂಢಿ ಮಾಡಿಸುವ ಅಗತ್ಯವೇ ಇಲ್ಲ.

ಪ್ಯಾಕೆಟ್ಟಿನ ಮೇಲೆ ಪ್ಯಾಸಿಫೈಯರ್ ಅಥವಾ ಸೂದರ್ ಎಂದು ಅಚ್ಚಾಗಿದ್ದರೂ ಅಂಗಡಿಯಲ್ಲಿ ಜನ ಕೇಳುವುದು ನಿಪ್ಪಲ್ ಎಂದೇ. ಹಾಲಿನ ಬಾಟಲಿಯ ತುದಿಗೂ ಅದೇ ಹೆಸರು ಇರುವುದರಿಂದ ಎರಡನ್ನೂ ಬೇರೆ ಮಾಡಿ ನೋಡಬೇಕು. ಬಾಟಲಿಯ ನಿಪ್ಪಲ್ಲಿಗೆ ಹಾಲು ಬರಲು ತೂತಿರುತ್ತದೆ. ಇಲ್ಲಿ ಹೇಳುತ್ತಿರುವ ನಿಪ್ಪಲ್ಲಿಗೆ ತೂತಿಲ್ಲ. ತುಟಿಗೆ ತಾಗುವ ಅಗಲದ ಬಿಲ್ಲೆಯೊಂದು, ಹಿಡಿದೆಳೆಯಲು ಉಂಗುರವೊಂದು ಇರುತ್ತವೆ. ಇದರಿಂದ ಮಗುವಿಗೆ ಒಂದು ತೊಟ್ಟು ಆಹಾರವೂ ಸಿಗುವುದಿಲ್ಲ.

ಕಷ್ಟ ಶುರುವಾಗುವುದು ಮನೆಗೆ ಬಂದ ಮೊದಲ ರಾತ್ರಿಗಳಲ್ಲಿ. ಬಾಗೂರು ಹೋಬಳಿಯ ಹಳ್ಳಿಗಳಲ್ಲಿ ಈಗ ಹೆರಿಗೆಗೆ ಚನ್ನರಾಯಪಟ್ಟಣದ ಆಸ್ಪತ್ರೆಗೋ ತೊಡಕಿದ್ದರೆ ಹಾಸನಕ್ಕೋ ಹೋಗುವುದು ವಾಡಿಕೆ. ಸಹಜ ಹೆರಿಗೆಯಾದರೆ ಎರಡು ದಿನ ಕಳೆದ ಮೇಲೆ ತಾಯಿ ಮಗು ಮನೆಗೆ ಬರುತ್ತಾರೆ. ಎದೆಯಲ್ಲಿ ಹಾಲು ತುಂಬಿಕೊಳ್ಳುವುದು ಸಾಮಾನ್ಯವಾಗಿ ಎರಡರಿಂದ ನಾಲ್ಕನೆಯ ದಿನದೊಳಗೆ. ಸಿಸೇರಿಯನ್ ಆಗಿದ್ದರೆ ಇನ್ನೂ ಒಂದೆರಡು ದಿನ ತಡವಾಗಬಹುದು. ಅಂದರೆ ನರ್ಸ್ ಹತ್ತಿರವಿಲ್ಲದ, ಹಾಲು ಇನ್ನೂ ತುಂಬಿರದ, ಮಗು ಗಂಟೆಗೊಮ್ಮೆ ಅಳುವ ಹೊತ್ತು ತವರುಮನೆಯಲ್ಲೇ ಬರುತ್ತದೆ. ‘ಹಾಲು ಸಾಲ್ತಿಲ್ಲ ಕಣವ್ವ’ ಎಂಬ ಮಾತು ಹುಟ್ಟುವುದೂ, ಯಾರಾದರೂ ಪೇಟೆಯಿಂದ ನಿಪ್ಪಲ್ ತರುವುದೂ ಆಗಲೇ. ಆ ವಾರದಲ್ಲಿ ಕೊಡುವುದೇ ಎಲ್ಲಕ್ಕಿಂತ ಹೆಚ್ಚು ತೊಂದರೆಯದು.

ಕಾಯಬೇಕಾದ ಕಾರಣ

ಕೊಟ್ಟಿಗೆಯಲ್ಲಿ ಹಾಲು ಕರೆದು ಡೇರಿಗೆ ಹಾಕುವ ಮನೆಗಳಲ್ಲಿ ಈ ಲೆಕ್ಕ ಎಲ್ಲರಿಗೂ ಗೊತ್ತು. ಕರು ಬಾಯಿ ಹಾಕಿ ಗುದ್ದಿದರೆ ಹಸು ತೊರೆಬಿಡುತ್ತದೆ. ದಿನವೂ ಕೆಚ್ಚಲಲ್ಲಿ ಹಾಲು ಉಳಿಸುತ್ತ ಬಂದರೆ ಇಳುವರಿ ಕುಗ್ಗುತ್ತದೆ. ಗಬ್ಬದ ಹಸುವಿನ ಹಾಲು ಬತ್ತಿಸಬೇಕಾದಾಗ ಕರೆಯುವುದನ್ನೇ ನಿಲ್ಲಿಸುತ್ತಾರೆ. ತಾಯಿಯ ಎದೆಹಾಲಿನದೂ ಇದೇ ಕ್ರಮ. ಮಗು ಚೀಪಿದಾಗ ತಾಯಿಯ ದೇಹದಲ್ಲಿ ಪ್ರೊಲ್ಯಾಕ್ಟಿನ್ ಮತ್ತು ಆಕ್ಸಿಟೋಸಿನ್ ಎಂಬ ಎರಡು ಹಾರ್ಮೋನುಗಳು ಬಿಡುಗಡೆಯಾಗುತ್ತವೆ. ಮೊದಲನೆಯದು ಹಾಲು ತಯಾರಿಸುತ್ತದೆ, ಎರಡನೆಯದು ತಯಾರಾದ ಹಾಲನ್ನು ಮೊಲೆತೊಟ್ಟಿಗೆ ಹರಿಸುತ್ತದೆ. ಪ್ರೊಲ್ಯಾಕ್ಟಿನ್ ರಾತ್ರಿಯ ಹೊತ್ತು ಹೆಚ್ಚು ಬರುವುದರಿಂದ, ರಾತ್ರಿ ಅಳುವ ಮಗುವಿಗೆ ನಿಪ್ಪಲ್ ಇಟ್ಟು ಮಲಗಿಸಿದರೆ ಆಗುವ ನಷ್ಟ ಹಗಲಿನದಕ್ಕಿಂತ ದೊಡ್ಡದು. ಖಾಲಿಯಾಗದೆ ಉಳಿದ ಹಾಲು ‘ಇಷ್ಟು ಸಾಕು’ ಎಂಬ ಸೂಚನೆಯನ್ನು ಎದೆಗೆ ಕೊಡುತ್ತದೆ, ಮುಂದಿನ ಉತ್ಪಾದನೆ ನಿಧಾನವಾಗುತ್ತದೆ.

ಹೊಸದಾಗಿ ಹುಟ್ಟಿದ ಮಗು 24 ಗಂಟೆಯಲ್ಲಿ 8ರಿಂದ 12 ಸಲ ಹಾಲು ಕುಡಿಯಬೇಕು. ನಿಪ್ಪಲ್ ದಿನಕ್ಕೆ ಎರಡು ಮೂರು ಸಲ ಮಗುವನ್ನು ಸುಮ್ಮನಾಗಿಸಿದರೂ ಅಷ್ಟು ಸಲದ ಹಾಲು ತಪ್ಪಿದಂತೆ. ಎಳೆಯ ಮಗುವಿಗೆ ಚೀಪುವುದೂ ದುಡಿಮೆಯೇ. ಬರಿಯ ರಬ್ಬರ್ ಚೀಪಿ ದಣಿದು ಖಾಲಿ ಹೊಟ್ಟೆಯಲ್ಲೇ ನಿದ್ದೆ ಹೋಗುತ್ತದೆ. ನೋಡುವವರಿಗೆ ಮಗು ತೃಪ್ತಿಯಾಗಿ ಮಲಗಿದಂತೆ ಕಾಣುತ್ತದೆ, ತೂಕ ಮಾತ್ರ ಏರುವುದಿಲ್ಲ.

ಎರಡನೆಯ ಕಾರಣ ಬಾಯಿಯ ಹಿಡಿತ. ಎದೆಹಾಲು ಕುಡಿಯುವಾಗ ಮಗು ಬಾಯಿ ಅಗಲಿಸಿ, ಮೊಲೆತೊಟ್ಟಿನ ಜೊತೆ ಸುತ್ತಲಿನ ಕಪ್ಪು ಭಾಗವನ್ನೂ ಒಳಗೆ ಸೆಳೆದುಕೊಂಡು, ನಾಲಗೆಯನ್ನು ಅಲೆಯಂತೆ ಆಡಿಸಿ ಹಾಲು ಎಳೆಯುತ್ತದೆ. ನಿಪ್ಪಲ್ಲಿಗೆ ಇಷ್ಟು ಬೇಡ, ತುಟಿ ಕಿರಿದು ಮಾಡಿ ತುದಿಯನ್ನು ಒತ್ತಿದರೆ ಸಾಕು. ಇದೇ ರೂಢಿಯಲ್ಲಿ ಎದೆಗೆ ಬಂದ ಮಗು ಬರೀ ತೊಟ್ಟನ್ನು ಕಚ್ಚಿ ಹಿಡಿಯಬಹುದು. ತಾಯಿಗೆ ನೋವಾಗುತ್ತದೆ, ತೊಟ್ಟು ಒಡೆಯುತ್ತದೆ, ಹಾಲೂ ಬರುವುದಿಲ್ಲ. ಎಲ್ಲ ಮಕ್ಕಳಿಗೂ ಹೀಗಾಗುತ್ತದೆಂದಲ್ಲ. ಎರಡನ್ನೂ ಸಲೀಸಾಗಿ ನಿಭಾಯಿಸುವ ಮಕ್ಕಳೂ ಇವೆ. ಯಾವ ಮಗು ಎಡವುತ್ತದೆಂದು ಮುಂಚೆಯೇ ಹೇಳಲಾಗದ ಕಾರಣ ಕಾಯುವುದು ಒಳ್ಳೆಯದು.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 1989ರಲ್ಲಿ ಹೆರಿಗೆ ಆಸ್ಪತ್ರೆಗಳಿಗಾಗಿ ಹತ್ತು ಸೂತ್ರಗಳನ್ನು ಹೊರಡಿಸಿದಾಗ, ಎದೆಹಾಲು ಕುಡಿಯುವ ಮಗುವಿಗೆ ನಿಪ್ಪಲ್ ಕೊಡಲೇಬಾರದು ಎಂದಿದ್ದವು. 2018ರ ಪರಿಷ್ಕರಣೆಯಲ್ಲಿ ಮಾತು ಸಡಿಲವಾಯಿತು: ಬಾಟಲಿ, ನಿಪ್ಪಲ್ಲುಗಳ ಬಳಕೆ ಮತ್ತು ಅಪಾಯದ ಬಗ್ಗೆ ತಾಯಿಗೆ ತಿಳಿಹೇಳಬೇಕು ಎಂದಾಯಿತು. ತುಂಬು ತಿಂಗಳಿಗೆ ಹುಟ್ಟಿದ ಆರೋಗ್ಯವಂತ ಮಕ್ಕಳ ಮೇಲಿನ ಪ್ರಯೋಗಗಳನ್ನು ಒಟ್ಟುಗೂಡಿಸಿದ ಕಾಕ್ರೇನ್ ವಿಮರ್ಶೆಯಲ್ಲಿ, ಹಾಲೂಡಿಸುವ ಮನಸ್ಸು ಗಟ್ಟಿಯಾಗಿದ್ದ ತಾಯಂದಿರ ಮಕ್ಕಳಿಗೆ ನಿಪ್ಪಲ್ ಕೊಟ್ಟರೂ ಮೊದಲ 4 ತಿಂಗಳ ಹಾಲೂಡಿಕೆಗೆ ಗಮನಾರ್ಹ ಪೆಟ್ಟು ಬೀಳಲಿಲ್ಲ ಎಂದು ಕಂಡುಬಂದಿತು. ಇದರಲ್ಲಿ ‘ಮನಸ್ಸು ಗಟ್ಟಿಯಾಗಿದ್ದ’ ಎಂಬ ಮಾತನ್ನು ಬಿಟ್ಟು ಓದಬಾರದು. ಚೊಚ್ಚಲ ಬಾಣಂತಿ, ಹಾಲಿನ ಬಗ್ಗೆ ಅನುಮಾನ, ಸುತ್ತಲಿನವರ ಒತ್ತಾಯ ಸೇರಿದ ಮನೆಯಲ್ಲಿ ಅದೇ ಫಲ ಬರುತ್ತದೆಂಬ ಭರವಸೆಯಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ನಿದ್ದೆಯ ಹೊತ್ತಿನಲ್ಲಿ ನಿಪ್ಪಲ್ ಕೊಡುವುದನ್ನು ಬೆಂಬಲಿಸುತ್ತದೆ. ಕಾರಣ ತಿಳಿಯದೆ ಶಿಶುಗಳು ನಿದ್ದೆಯಲ್ಲೇ ಸಾಯುವ ಪ್ರಕರಣಗಳು ಅದರಿಂದ ಕಡಿಮೆಯಾಗುವುದು ಕಂಡುಬಂದಿದೆ. ಆದರೆ ಎದೆಹಾಲು ಕುಡಿಯುವ ಮಕ್ಕಳಿಗೆ ಹಾಲೂಡಿಕೆ ನೆಲೆನಿಲ್ಲುವವರೆಗೆ ಕಾಯಬೇಕೆಂದು ಆ ಅಕಾಡೆಮಿಯೂ ಹೇಳುತ್ತದೆ.

ಹದಕ್ಕೆ ಬಂದಿದೆಯೇ ಎಂದು ನೋಡುವುದು

ದಿನ ಎಣಿಸಿದರೆ ಸಾಲದು. ನಾಲ್ಕು ವಾರ ತುಂಬಿಯೂ ತೂಕ ಏರದ ಮಗುವಿಗೆ ನಿಪ್ಪಲ್ ಸಲ್ಲದು. ಮೊದಲು ನೋಡಬೇಕಾದದ್ದು ತೂಕವನ್ನೇ. ಹುಟ್ಟಿದ ಮೊದಲ ಕೆಲವು ದಿನಗಳಲ್ಲಿ ಮಗುವಿನ ತೂಕ ಸ್ವಲ್ಪ ಇಳಿಯುವುದು ಸಹಜ. ನೂರಕ್ಕೆ 7ರವರೆಗೆ ಇಳಿದರೆ ಗಾಬರಿಯಿಲ್ಲ, 10ನ್ನು ಮುಟ್ಟಿದರೆ ವೈದ್ಯರಿಗೆ ತೋರಿಸಬೇಕು. ಉದಾಹರಣೆಗೆ 3 ಕಿಲೋ ಹುಟ್ಟಿದ ಮಗು ಐದನೆಯ ದಿನ 2 ಕಿಲೋ 800 ಗ್ರಾಂ ತೂಗಬಹುದು. 10ರಿಂದ 14 ದಿನದೊಳಗೆ ಅದು ಮತ್ತೆ 3 ಕಿಲೋಗೆ ಬರಬೇಕು. ಅಲ್ಲಿಂದ ಮುಂದೆ ದಿನಕ್ಕೆ 20ರಿಂದ 30 ಗ್ರಾಂ ಏರುತ್ತ ಹೋದರೆ ಹಾಲು ಸಾಲುತ್ತಿದೆ ಎಂದೇ ಅರ್ಥ, ಮಗು ಎಷ್ಟೇ ಅಳಲಿ.

ತಕ್ಕಡಿ ಇಲ್ಲದ ದಿನಗಳಲ್ಲಿ ಒದ್ದೆ ಬಟ್ಟೆಯನ್ನು ಎಣಿಸಬಹುದು. ಒಂದು ವಾರ ಕಳೆದ ಮಗು ದಿನಕ್ಕೆ ಕನಿಷ್ಠ 6 ಸಲ ತಿಳಿಯಾದ ಉಚ್ಚೆ ಹೊಯ್ಯಬೇಕು. ಡೈಪರ್ ಹಾಕಿದರೆ ಈ ಎಣಿಕೆ ತಪ್ಪುತ್ತದೆ. ಮೊದಲ ತಿಂಗಳು ಹಳೆಯ ಪಂಚೆ, ಸೀರೆಯ ಮೆತ್ತನೆ ಬಟ್ಟೆಯೇ ಇದಕ್ಕೆ ಅನುಕೂಲ. ಹಾಲು ಕುಡಿಯುವಾಗ ಮಗುವಿನ ಗದ್ದ ಎದೆಗೆ ತಾಗಿರಬೇಕು, ಬಾಯಿ ಅಗಲವಾಗಿ ತೆರೆದಿರಬೇಕು, ಕೆಳತುಟಿ ಹೊರಮಡಿಚಿರಬೇಕು, ಕಪ್ಪು ಭಾಗ ಕೆಳಗಿಗಿಂತ ಮೇಲೆ ಹೆಚ್ಚು ಕಾಣಬೇಕು. ಎರಡು ಮೂರು ಸಲ ಚೀಪಿ ಒಮ್ಮೆ ‘ಗುಟುಕ್’ ಎಂದು ನುಂಗುವುದು ಕಿವಿಗೆ ಕೇಳಬೇಕು. ಮೊದಲ ಕ್ಷಣದ ಸೆಳೆತ ಕಳೆದ ಮೇಲೂ ತಾಯಿಗೆ ನೋವಿದ್ದರೆ ಹಿಡಿತ ಸರಿಯಿಲ್ಲ. ಇವಿಷ್ಟೂ ಸರಿಯಾಗಿ ವಾರವೊಂದು ಕಳೆದರೆ ಹಾಲೂಡಿಕೆ ನೆಲೆನಿಂತಿದೆ ಎನ್ನಬಹುದು.

ಇದನ್ನು ಪರೀಕ್ಷಿಸಲು ಹಳ್ಳಿಯಲ್ಲೇ ಒಂದು ವ್ಯವಸ್ಥೆಯಿದೆ. ನವಜಾತ ಶಿಶುವಿನ ಗೃಹ ಆರೈಕೆ ಕಾರ್ಯಕ್ರಮದಂತೆ, ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿಯ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಬಂದು ಮಗುವಿನ ತೂಕ ನೋಡಬೇಕು. 14ನೆಯ ದಿನದ ತೂಕ ಹುಟ್ಟಿದ ತೂಕಕ್ಕೆ ಮರಳಿದೆಯೇ, 28ರ ತೂಕ ಅದನ್ನು ಚೆನ್ನಾಗಿ ದಾಟಿದೆಯೇ ಎಂಬುದೇ ನಿಪ್ಪಲ್ಲಿನ ಪ್ರಶ್ನೆಗೂ ಉತ್ತರ. ಬಾಣಂತಿ ತವರಿಗೆ ಬಂದಾಗ ಊರು ಬದಲಾಗಿ ಈ ಭೇಟಿಗಳು ತಪ್ಪಿಹೋಗುವುದುಂಟು. ತಾಯಿ ಕಾರ್ಡನ್ನು ಜೊತೆಗೆ ತಂದು ತವರಿನ ಆಶಾಗೆ ತೋರಿಸಬೇಕು. 28ರ ತೂಕದಲ್ಲಿ ಅನುಮಾನವಿದ್ದರೆ ನಿಪ್ಪಲ್ ವಿಚಾರವನ್ನು 42ನೆಯ ದಿನಕ್ಕೆ ಮುಂದೂಡುವುದು ಸರಿ.

ಎರಡು ಮೂರನೆಯ ವಾರದಲ್ಲಿ ಮತ್ತು ಆರನೆಯ ವಾರದ ಸುಮಾರಿಗೆ ಮಗು ಇದ್ದಕ್ಕಿದ್ದಂತೆ ಒಂದೆರಡು ದಿನ ಬಿಡದೆ ಎದೆಗೆ ಬೀಳುತ್ತದೆ, ಅದರಲ್ಲೂ ಸಂಜೆ ಹೊತ್ತು. ಬೆಳವಣಿಗೆ ಜಿಗಿಯುವ ಈ ದಿನಗಳಲ್ಲಿ ಮಗು ಹೆಚ್ಚು ಚೀಪಿ ಹೆಚ್ಚು ಹಾಲಿಗೆ ಬೇಡಿಕೆ ಇಡುತ್ತಿರುತ್ತದೆ. ಹಾಲು ಕಡಿಮೆಯಾಯಿತೆಂದು ತಿಳಿದು ನಿಪ್ಪಲ್ ಶುರುಮಾಡಲು ಇದೂ ಕೆಟ್ಟ ಸಮಯವೇ.

ಕೊಡುವ ಕ್ರಮ

1. ಮೊದಲು ಎದೆ. ಬಾಯಿ ಹೊರಳಿಸುವುದು, ತುಟಿ ಚಪ್ಪರಿಸುವುದು, ಮುಷ್ಟಿಯನ್ನು ಬಾಯಿಗೆ ತರುವುದು ಹಸಿವಿನ ಮೊದಲ ಗುರುತುಗಳು, ಅಳು ಕೊನೆಯದು. ಈ ಗುರುತು ಕಂಡಾಗ ಹಾಲೂಡಿಸಬೇಕು, ನಿಪ್ಪಲ್ ಇಡಬಾರದು.

2. ಹೊಟ್ಟೆ ತುಂಬ ಹಾಲು ಕುಡಿದು, ತೇಗಿಸಿ, ಬಟ್ಟೆ ಒದ್ದೆಯಿಲ್ಲ ಎಂದು ನೋಡಿದ ಮೇಲೂ ಮಗು ಚೀಪಲು ಹಂಬಲಿಸಿದರೆ ಮಾತ್ರ ಕೊಡಬೇಕು. ಹೊದಿಕೆ ಹೆಚ್ಚಾಗಿ ಸೆಕೆಯಾಗಿದೆಯೇ, ಬಾಣಂತಿ ಕೋಣೆಯ ಸಾಂಬ್ರಾಣಿ ಹೊಗೆ ಕಣ್ಣುರಿಸುತ್ತಿದೆಯೇ ಎಂಬುದನ್ನೂ ನೋಡಬೇಕು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಅಳುವ ಎಷ್ಟೋ ಮಕ್ಕಳಿಗೆ ಬೇಕಿರುವುದು ಗಾಳಿ.

3. ಶುರುವಿನಲ್ಲಿ ದಿನಕ್ಕೆ ಒಂದು ಸಲ, ನಿದ್ದೆಗೆ ಜಾರುವ ಹೊತ್ತಿನಲ್ಲಿ ಕೊಟ್ಟು ನೋಡಬೇಕು. ತುಟಿಗೆ ಮುಟ್ಟಿಸಿದರೆ ಮಗುವೇ ಬಾಯಿ ತೆರೆದು ತೆಗೆದುಕೊಳ್ಳಬೇಕು. ಉಗುಳಿದರೆ ತುರುಕಬಾರದು. ನಿದ್ದೆಯಲ್ಲಿ ಬಾಯಿಂದ ಜಾರಿದರೆ ಮತ್ತೆ ಇಡುವ ಅಗತ್ಯವಿಲ್ಲ.

4. ಮಗುವನ್ನು ಯಾವಾಗಲೂ ಅಂಗಾತ ಮಲಗಿಸಬೇಕು. ನಿಪ್ಪಲ್ ಇದೆಯೆಂದು ಬೋರಲು ಮಲಗಿಸುವಂತಿಲ್ಲ.

5. ಮೊದಲ ವಾರ ಒದ್ದೆ ಬಟ್ಟೆಯ ಎಣಿಕೆ, ಹಾಲು ಕುಡಿದ ಸಲಗಳ ಎಣಿಕೆ ಎರಡನ್ನೂ ಇಡಬೇಕು. ದಿನಕ್ಕೆ 8 ಸಲಕ್ಕಿಂತ ಕೆಳಗಿಳಿದರೆ, ಎದೆಗೆ ಹಾಕಿದಾಗ ಮಗು ತಲೆ ತಿರುಗಿಸಿದರೆ, ತೊಟ್ಟು ನೋಯತೊಡಗಿದರೆ ನಿಪ್ಪಲ್ಲನ್ನು ನಿಲ್ಲಿಸಬೇಕು.

ಕೊಳ್ಳುವಾಗ ಇಡಿಯಾಗಿ ಒಂದೇ ತುಂಡಿನಲ್ಲಿ ಅಚ್ಚೊತ್ತಿದ ಸಿಲಿಕೋನ್ ನಿಪ್ಪಲ್ಲನ್ನೇ ಆರಿಸಬೇಕು. ತುದಿ, ಬಿಲ್ಲೆ, ಉಂಗುರ ಬೇರೆ ಬೇರೆಯಾಗಿ ಅಂಟಿಸಿದ್ದು ಕಳಚಿ ಗಂಟಲಿಗೆ ಸಿಕ್ಕಿಕೊಳ್ಳಬಹುದು. ಬಿಲ್ಲೆಯ ಅಗಲ 4 ಸೆಂಟಿಮೀಟರಿನಷ್ಟಾದರೂ ಇದ್ದರೆ ಬಾಯೊಳಗೆ ಹೋಗುವುದಿಲ್ಲ. ಅದರಲ್ಲಿ ಗಾಳಿಯಾಡುವ ತೂತುಗಳೂ ಇರಬೇಕು. ಜಾತ್ರೆ, ಸಂತೆಯಲ್ಲಿ ಬಿಡಿಯಾಗಿ, ಹೊದಿಕೆಯಿಲ್ಲದೆ ಮಾರುವ ಬಣ್ಣದ ರಬ್ಬರಿನವುಗಳನ್ನು ಮುಟ್ಟಬಾರದು. ಬಳಸುವ ಮುನ್ನ ಪ್ರತಿಸಲ ಎರಡೂ ತುದಿ ಹಿಡಿದು ಜಗ್ಗಿ ನೋಡಬೇಕು. ಬಿರುಕು, ಅಂಟು, ಬಣ್ಣಗೆಟ್ಟದ್ದು ಕಂಡರೆ ಎಸೆಯಬೇಕು.

ಮೊದಲ ಬಳಕೆಗೆ ಮುನ್ನ, ಆಮೇಲೆ ದಿನಕ್ಕೊಮ್ಮೆ, ಕುದಿಯುವ ನೀರಿನಲ್ಲಿ 5 ನಿಮಿಷ ಮುಳುಗಿಸಿಡಬೇಕು. ಕೊಳವೆಬಾವಿಯ ಗಡಸು ನೀರಿನಲ್ಲಿ ಕುದಿಸಿದರೆ ಬಿಳಿಯ ಸುಣ್ಣದ ಪರೆ ಕಟ್ಟುತ್ತದೆ. ಅದನ್ನು ಬೆರಳಿನಿಂದ ಉಜ್ಜಿ ತೆಗೆಯಬೇಕು, ಇಲ್ಲವೆಂದರೆ ಅಡಿಯಲ್ಲಿ ಹಾಲಿನ ಜೊಲ್ಲು ಸೇರಿಕೊಂಡು ಕೊಳೆಯುತ್ತದೆ. ಎರಡು ನಿಪ್ಪಲ್ ಇಟ್ಟುಕೊಂಡರೆ ಒಂದು ನೆಲಕ್ಕೆ ಬಿದ್ದಾಗ ಇನ್ನೊಂದು ಸಿದ್ಧವಿರುತ್ತದೆ. ಕುದಿಸಿದ್ದನ್ನು ಮುಚ್ಚಳವಿರುವ ಸ್ಟೀಲ್ ಡಬ್ಬಿಯಲ್ಲಿ ಇಡಬೇಕು. ಇಷ್ಟು ಮಾಡಲು ಬಾಣಂತನದ ಮನೆಯಲ್ಲಿ ಕೈಯಾಳು ಇಲ್ಲದಿದ್ದರೆ ನಿಪ್ಪಲ್ ಬಳಸದಿರುವುದೇ ಮೇಲು.

ಸಾಮಾನ್ಯವಾಗಿ ಆಗುವ ತಪ್ಪುಗಳು

ಜೇನುತುಪ್ಪದಲ್ಲಿ ಅದ್ದಿ ಕೊಡುವುದು ಎಲ್ಲಕ್ಕಿಂತ ಅಪಾಯದ್ದು. ಜೇನಿನಲ್ಲಿ ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಇರಬಹುದು. ದೊಡ್ಡವರ ಕರುಳಿನಲ್ಲಿ ಅವು ಏನೂ ಮಾಡವು, ವರ್ಷ ತುಂಬದ ಮಗುವಿನ ಕರುಳಿನಲ್ಲಿ ಮೊಳೆತು ವಿಷ ಬಿಡುತ್ತವೆ. ಮಗು ಸೋತು, ಕುತ್ತಿಗೆ ನಿಲ್ಲದೆ, ಉಸಿರಾಟವೇ ಕುಸಿಯಬಹುದು. ತೋಟದಲ್ಲೇ ಕಿತ್ತ ಶುದ್ಧ ಜೇನಾದರೂ ವ್ಯತ್ಯಾಸವಿಲ್ಲ. ಸಕ್ಕರೆ ನೀರು, ಬೆಲ್ಲ, ಗ್ರೈಪ್ ವಾಟರ್ ಸವರುವುದೂ ಬೇಡ. ಆರು ತಿಂಗಳವರೆಗೆ ಎದೆಹಾಲಲ್ಲದೆ ಬೇರೇನೂ, ನೀರು ಕೂಡ, ಮಗುವಿಗೆ ಬೇಕಿಲ್ಲ. ವೈದ್ಯರು ಹೇಳಿದ ಔಷಧಿ ಮಾತ್ರ ಇದಕ್ಕೆ ಹೊರತು.

ದಾರ ಕಟ್ಟುವುದು ಎರಡನೆಯ ಅಪಾಯ. ನಿಪ್ಪಲ್ ಕಳೆದುಹೋಗದಿರಲೆಂದು ಅದರ ಉಂಗುರಕ್ಕೆ ದಾರ ಪೋಣಿಸಿ ಕೊರಳಿಗೆ ಹಾಕುತ್ತಾರೆ. ದೃಷ್ಟಿಯಾಗದಿರಲೆಂದು ಕಟ್ಟಿದ ಕಪ್ಪುದಾರಕ್ಕೇ ಸಿಕ್ಕಿಸುವುದೂ ಉಂಟು. ಸೀರೆಯ ಜೋಲಿಯಲ್ಲಿ ಮಗು ಹೊರಳಿದಾಗ ಈ ದಾರ ಕುತ್ತಿಗೆಗೆ ಬಿಗಿದುಕೊಂಡರೆ ಹೊರಗಿನಿಂದ ನೋಡುವವರಿಗೆ ಗೊತ್ತೇ ಆಗುವುದಿಲ್ಲ. ತೊಟ್ಟಿಲಿಗೂ ಕಟ್ಟಬಾರದು.

ಬಾಟಲಿಯ ನಿಪ್ಪಲ್ಲಿಗೆ ಹತ್ತಿ ತುರುಕಿ ಚೀಪಲು ಕೊಡುವುದರಿಂದ ಹತ್ತಿ ಗಂಟಲಿಗೆ ಹೋಗಬಹುದು, ತೂತಿನಿಂದ ಗಾಳಿಯೂ ಹೊಟ್ಟೆ ಸೇರುತ್ತದೆ. ಕೆಳಗೆ ಬಿದ್ದದ್ದನ್ನು ದೊಡ್ಡವರು ತಮ್ಮ ಬಾಯಲ್ಲಿಟ್ಟು ‘ತೊಳೆದು’ ಕೊಡುವುದೂ, ಸೆರಗಿಗೆ ಒರಸಿ ಕೊಡುವುದೂ ಸೋಂಕನ್ನು ದಾಟಿಸುತ್ತವೆ. ಮಗುವಿನ ನಾಲಗೆ, ಕೆನ್ನೆಯ ಒಳಗೆ ಒರಸಿದರೂ ಹೋಗದ ಬಿಳಿ ಮಚ್ಚೆ ಕಂಡರೆ ಅದು ಶಿಲೀಂಧ್ರದ ಸೋಂಕು. ಮಗುವಿನ ಬಾಯಿಗೂ ತಾಯಿಯ ತೊಟ್ಟಿಗೂ ಒಟ್ಟಿಗೇ ಔಷಧಿಯಾಗಬೇಕು, ಹಳೆಯ ನಿಪ್ಪಲ್ ಎಸೆಯಬೇಕು.

ಎಣ್ಣೆ ನೀರು ಹಾಕಿದ ಮೇಲೆ ಮಗು ನಾಲ್ಕೈದು ಗಂಟೆ ಮಲಗಿತೆಂದು ಸಂತೋಷಪಡುವ ರೂಢಿಯೂ ಮೊದಲೆರಡು ವಾರದಲ್ಲಿ ಒಳ್ಳೆಯದಲ್ಲ. ಆಗ ಹಗಲಲ್ಲಿ ಮೂರು ಗಂಟೆ ಮೀರಿದರೆ ಎಬ್ಬಿಸಿ ಹಾಲೂಡಿಸಬೇಕು. ಇದರ ಮೇಲೆ ನಿಪ್ಪಲ್ಲೂ ಸೇರಿದರೆ ಹಾಲಿನ ಅಂತರ ಇನ್ನಷ್ಟು ಹಿಗ್ಗುತ್ತದೆ.

ಕೊಡಬಾರದ ಸಂದರ್ಭ, ಮತ್ತು ಒಂದು ಹೊರತು

ಹುಟ್ಟಿದ ತೂಕಕ್ಕೆ ಮರಳದ ಮಗು, ಕಾಮಾಲೆಯಿಂದ ಮಂಕಾಗಿ ಹಾಲಿಗೆ ಎದ್ದೇಳದ ಮಗು, ತೊಟ್ಟು ಒಡೆದು ನೋಯುತ್ತಿರುವ ಅಥವಾ ಹಾಲು ಕಡಿಮೆಯಿರುವ ತಾಯಿಯ ಮಗು: ಇವರಿಗೆ ವಾರ ಎಷ್ಟೇ ಆಗಿರಲಿ ನಿಪ್ಪಲ್ ಬೇಡ. ಎದೆಗೆ ಬಾಯಿ ಹಿಡಿಯಲಾಗದ ಮಗುವಿಗೆ ಹಾಲು ಹಿಂಡಿ ಒಳಲೆಯಲ್ಲಿ ಕುಡಿಸಬಹುದು. ಅಜ್ಜಿಯ ಕಾಲದ ಈ ಒಳಲೆಯನ್ನು ತೊಳೆದು ಕುದಿಸುವುದು ಸುಲಭ, ಚೀಪುವ ರೂಢಿಯನ್ನೂ ಅದು ಕೆಡಿಸುವುದಿಲ್ಲ. ಆಸ್ಪತ್ರೆಗಳಲ್ಲೂ ಇಂಥದೇ ಕೊಕ್ಕಿನ ಬಟ್ಟಲನ್ನು ಬಳಸುತ್ತಾರೆ.

ಹಾಲು ಬಿಟ್ಟು ಮಂಕಾಗಿರುವುದು, ಮೈ ಬಿಸಿಯೇರುವುದು ಅಥವಾ ತಣ್ಣಗಾಗುವುದು, ನಿಮಿಷಕ್ಕೆ 60ಕ್ಕಿಂತ ಹೆಚ್ಚು ಉಸಿರು, ಎದೆಗೂಡು ಒಳಸೆಳೆಯುವುದು, ಅಂಗೈ ಅಂಗಾಲು ಹಳದಿಯಾಗುವುದು, ಫಿಟ್ಸ್ ಕಂಡರೆ ಅದು ಸಮಾಧಾನಪಡಿಸುವ ಅಳುವಲ್ಲ. ನಿಪ್ಪಲ್ ಇಟ್ಟು ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಬೇಕು.

ಅವಧಿಗೆ ಮುನ್ನ ಹುಟ್ಟಿ ಶಿಶು ಆರೈಕೆ ಘಟಕದಲ್ಲಿರುವ ಮಗುವಿಗೆ ಈ ಕಾಲಮಿತಿ ಅನ್ವಯಿಸುವುದಿಲ್ಲ. ಮೂಗಿನ ನಳಿಕೆಯಿಂದ ಹಾಲು ಪಡೆಯುವಾಗ ಏನನ್ನಾದರೂ ಚೀಪಿಸಿದರೆ ಇಂಥ ಮಕ್ಕಳು ಬಾಯಿಂದ ಕುಡಿಯುವುದನ್ನು ಬೇಗ ಕಲಿಯುತ್ತವೆ, ಬೇಗ ಮನೆಗೆ ಹೋಗುತ್ತವೆ. ಹಾಲು ಹಿಂಡಿದ ತಾಯಿಯ ಎದೆಯನ್ನೇ ಚೀಪಿಸಬಹುದು, ಇಲ್ಲವೇ ವೈದ್ಯರ ಸಲಹೆಯಂತೆ ನಿಪ್ಪಲ್ ಬಳಸಬಹುದು. ತುಂಬು ತಿಂಗಳ ಮಗುವಿಗೆ ಒಂದೂವರೆ ತಿಂಗಳ ಲಸಿಕೆಯ ಸೂಜಿ ಚುಚ್ಚುವಾಗ ಎದೆಗೆ ಹಾಕಿಕೊಂಡರೆ ನೋವು ತಗ್ಗುತ್ತದೆ, ನಿಪ್ಪಲ್ ಹುಡುಕಬೇಕಿಲ್ಲ.

ಬಿಡಿಸುವುದು

ಆರು ತಿಂಗಳು ತುಂಬಿ ರಾಗಿ ಸರಿ ಶುರುವಾದ ಮೇಲೆ ನಿಪ್ಪಲ್ಲನ್ನು ನಿದ್ದೆಯ ಹೊತ್ತಿಗಷ್ಟೇ ಸೀಮಿತಗೊಳಿಸಿ, ಒಂದು ವರ್ಷದೊಳಗೆ ಬಿಡಿಸುವುದು ಅನುಕೂಲ. ಆರು ತಿಂಗಳ ನಂತರವೂ ಬಿಡದೆ ಚೀಪುವ ಮಕ್ಕಳಲ್ಲಿ ನಡುಗಿವಿಯ ಸೋಂಕು ಹೆಚ್ಚು. ಎರಡು ವರ್ಷ ದಾಟಿದರೆ ಮುಂದಿನ ಹಲ್ಲುಗಳು ಮೇಲೆ ಕೆಳಗೆ ಕೂಡದೆ ಸಂದು ಬೀಳುವುದು ಶುರುವಾಗುತ್ತದೆ. ಬೇವಿನೆಣ್ಣೆ, ಮೆಣಸು ಸವರಿ ಬಿಡಿಸುವುದು ಮಗುವಿಗೆ ಹಿಂಸೆ. ಹಗಲಿನದನ್ನು ಮೊದಲು ತಪ್ಪಿಸಿ, ವಾರ ಬಿಟ್ಟು ಮಧ್ಯಾಹ್ನದ ನಿದ್ದೆಯದನ್ನು, ಕೊನೆಗೆ ರಾತ್ರಿಯದನ್ನು ನಿಲ್ಲಿಸಿದರೆ ಹೆಚ್ಚಿನ ಮಕ್ಕಳು ನಾಲ್ಕಾರು ದಿನ ರಚ್ಚೆ ಹಿಡಿದು ಮರೆಯುತ್ತವೆ. ಆ ದಿನಗಳಲ್ಲಿ ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ತಿರುಗಲು, ಜೋಗುಳ ಹೇಳಲು ತಾಯಿಯಲ್ಲದೆ ಮನೆಯ ಇನ್ನೊಬ್ಬರು ಇದ್ದರೆ ಬೇಗ ಆಗುತ್ತದೆ: ತಾಯಿಯ ಮಡಿಲಿಗೆ ಬಂದ ಮಗು ಎದೆಯನ್ನೇ ಕೇಳುತ್ತದೆ, ಮತ್ತು ಎರಡು ವರ್ಷದವರೆಗೂ ಅದಕ್ಕಿಂತ ಆಚೆಗೂ ಅದನ್ನು ಕೊಡಬಹುದು.